ಕುಬಸದ ಸೀರೆ ಉಳಿಸಿದ ಕಥೆ

ಜೂನ್ ಹದಿನಾರು, ಬೆಳಿಗ್ಗೆ ಹತ್ತೂವರೆ. ಗೋವಾದ ವಾಳಪೈಯ ನಮ್ಮ ಕಿರಾಣಿ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಿಚ್ಚಿದೆ. ಸೀನು ಬಂತು. ಒಂದೇ ಸೀನು. ಒಳಗೆ ಹೋಗಿ ಸೀರೆ ಬದಲಿಸಬೇಕಾಯಿತು!

ಆಗ ನನಗೆ ಐದೂವರೆ ತಿಂಗಳು. ಏಳರಲ್ಲಿ ಕುಬಸ, ಅಂದರೆ ಸೀಮಂತ. ಅತ್ತೆ ಆರಿಸಿ ತಂದ ಹಸಿರು ಇಳಕಲ್ ಸೀರೆ ಉಟ್ಟು, ಬೆಳಗಾವಿಯಿಂದ ಬರುವ ಬಳಗದ ನಡುವೆ ಗಂಟೆಗಟ್ಟಲೆ ಕೂರಬೇಕು. ಹೆಂಗಸರು ತಂತಮ್ಮ ಗಂಡನ ಹೆಸರು ಸೇರಿಸಿ ಪ್ರಾಸದ ಒಡಪು ಹೇಳಿ ನಗಿಸಿ ಸಾಯಿಸುತ್ತಾರೆ. ಒಂದು ಸೀನಿಗೇ ಈ ಗತಿಯಾದರೆ, ಆ ನಗೆಗೆ?

ಡಾಕ್ಟರಮ್ಮ ಧೈರ್ಯ ಹೇಳಿದರು. ಮೂತ್ರ ತಡೆಯುವ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಎಳೆದು ಕೆಲ ಕ್ಷಣ ಹಿಡಿಯಬೇಕು, ಆಮೇಲೆ ಪೂರ್ತಿ ಸಡಿಲಿಸಬೇಕು. ದಿನಕ್ಕೆ ಮೂರು ಹೊತ್ತು. ಸೀನು, ಕೆಮ್ಮು, ನಗೆ ಬರುವ ಮೊದಲೇ ಬಿಗಿಹಿಡಿಯಬೇಕು. ಉಸಿರು ಮಾತ್ರ ಕಟ್ಟಬಾರದು. "ಎಲ್ಲಿ ಬೇಕಾದರೂ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ" ಎಂದರು.

ಯಾರಿಗೂ ಗೊತ್ತಾಗುವುದಿಲ್ಲ! ನಾನು ಬಿಗಿಹಿಡಿದರೆ ಉಸಿರು ನಿಲ್ಲುತ್ತಿತ್ತು, ಹುಬ್ಬು ಹಣೆಗೇರುತ್ತಿತ್ತು, ಕಣ್ಣು ಎದುರಿದ್ದವರ ಮೇಲೆ ನೆಡುತ್ತಿತ್ತು. ಮೊದಲ ದಿನವೇ ಗಿರಾಕಿ ಹೆಂಗಸೊಬ್ಬರು ಬೇಳೆಯ ದರ ಕೇಳಿದರು. ನಾನು ಮಾತಾಡದೆ ದುರುಗುಟ್ಟಿದೆ. ಅವರು ಚೀಲ ಮಡಚಿಕೊಂಡು ಎದುರಂಗಡಿಗೆ ನಡೆದರು.

ನನ್ನ ಗಂಡ ಗಿರೀಶ ಓಡಿಬಂದರು. "ಯಾಕ, ಅಕಿ ಏನ ಅಂದ್ಲು ನಿನಗ?"

"ಏನೂ ಅನ್ಲಿಲ್ರಿ. ವ್ಯಾಯಾಮ ಮಾಡಾಕತ್ತಿದ್ದೆ."

"ಮಾಡ ಮಾರಾಯ್ತಿ, ಚಲೋತ್ನಾಗಿ ಮಾಡು. ಗಿರಾಕಿ ಬಂದಾಗ ಗ್ವಾಡಿ ಕಡೆ ಮಾರಿ ಮಾಡ್ಕೊಂಡು ಮಾಡು!"

ನಾನು ಬಿಡಲಿಲ್ಲ. ಪ್ರತಿಯೊಂದು ಸೀನನ್ನೂ ದಿನಚರಿಯಲ್ಲಿ ಗುರುತು ಹಾಕಿದೆ. ಜುಲೈ ಮುಗಿಯುವ ಹೊತ್ತಿಗೆ ಒಣ ಸೀನುಗಳು ಒದ್ದೆ ಸೀನುಗಳನ್ನು ಭಾರೀ ಬಹುಮತದಿಂದ ಸೋಲಿಸಿದ್ದವು!

ಆಗಸ್ಟ್ ಮೂರು, ಕುಬಸ. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ. ಗಿರೀಶರ ಚಿಕ್ಕಮ್ಮ ಶಾಂತಕ್ಕ ಸೆರಗು ಸಿಕ್ಕಿಸಿ, ತಮ್ಮ ಗಂಡನ ಹೆಸರಿನ ಒಡಪು ಹೇಳಲು ಎದ್ದು ನಿಂತರು.

"ಪಾವ್ ಮಾರಾವ ಬಂದ ಪೊಂಪೊಂ ಅಂತ ಊದಿ,
ನಮ್ಮ ಬಸಣ್ಣಾರು ಎದ್ದಾರ ನೋಡ್ರಿ, ಬೆನ್ನಿಗಂಟೇತಿ ಗಾದಿ!"

ಮನೆಯೇ ನಕ್ಕಿತು. ನಾನು ಮಾತ್ರ ಶಾಸ್ತ್ರೋಕ್ತವಾಗಿ, ನಗೆ ಬರುವ ಮೊದಲೇ, ಸರ್ವಶಕ್ತಿಯಿಂದ ಬಿಗಿಹಿಡಿದೆ. ಮುಖ ಕೆಂಪೇರಿತು.

"ಅಯ್ಯ ನಮ್ಮವ್ವಾ! ಸೊಸಿಗೆ ಬ್ಯಾನಿ ಸುರು ಆದ್ವು!" ಅತ್ತೆ ಚೀರಿದರು.

ಇಲ್ಲ ಎನ್ನಲು ಬಾಯಿ ತೆರೆದರೆ ನಗೆ ಹೊರಬೀಳುತ್ತದೆ. ನಗೆ ಹೊರಬಿದ್ದರೆ ಸೀರೆ! ತಲೆಯಲ್ಲಾಡಿಸಿದೆ.

"ಪಾಪ, ಬ್ಯಾನ್ಯಾಗ ಮಾತು ಬರಂಗಿಲ್ಲ" ಎಂದು ಶಾಂತಕ್ಕ ತೀರ್ಪು ಕೊಟ್ಟರು.

ಉಡಿಯ ತೆಂಗಿನಕಾಯಿ ಸಮೇತ ನನ್ನನ್ನು ಅಂಗಡಿಯ ಟೆಂಪೋಗೆ ಏರಿಸಿದರು. ಗಿರೀಶ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಗಾಡಿ ಓಡಿಸಿದರು. ಹಿಂದೆ ಅತ್ತೆ, ಶಾಂತಕ್ಕ, ಆರತಿ ತಟ್ಟೆ!

ಡಾಕ್ಟರಮ್ಮ ಗಾಬರಿಯಿಂದ ಪರೀಕ್ಷಿಸಿದರು. "ನೋವು ಎಲ್ಲಿ?"

"ನೋವಿಲ್ಲ ಡಾಕ್ಟರ್. ನೀವು ಹೇಳಿದ ವ್ಯಾಯಾಮ ಮಾಡುತ್ತಿದ್ದೆ."

ಅವರು ಕುರ್ಚಿ ಹಿಡಿದುಕೊಂಡು ನಕ್ಕರು. "ಮಗು ಆರಾಮ. ಉಸಿರಾಡಿ ತಾಯಿ! ಮುಖಕ್ಕೆ ಇದರಲ್ಲಿ ಕೆಲಸವೇ ಇಲ್ಲ."

ಆಗ ನನಗೂ ನಗೆ ಬಂತು. ಉಸಿರಾಡುತ್ತಲೇ ಬಿಗಿಹಿಡಿದು, ಹೊಟ್ಟೆತುಂಬ ನಕ್ಕೆ. ಸೀರೆಯ ಮೇಲೆ ಒಂದು ಹನಿಯೂ ಇಲ್ಲ! ಆ ಕ್ಷಣ ನನಗೆ ಸನ್ಮಾನ ಸಮಾರಂಭವೊಂದೇ ಬಾಕಿ ಇತ್ತು.

ಮರಳಿ ಬರುವಾಗ ಟೆಂಪೋದಲ್ಲಿ ಅತ್ತೆ ಕಿವಿಯ ಹತ್ತಿರ ಬಾಗಿದರು. "ಅದು ನಮ್ಮ ವಯಸ್ಸಿನಾವರಿಗೂ ನಡೀತೈತೇನವಾ? ಗಿರ್‍ಯಾ ಹುಟ್ಟಿದಾಗಿಂದ ನಾನು ಜೋರಾಗಿ ಕೆಮ್ಮೇ ಇಲ್ಲ."

ಈಗ ನಾನು ಗುರು! ಬೆಳಗಾವಿಗೆ ಮರಳದೆ ಉಳಿದ ಶಾಂತಕ್ಕನೂ ಸೇರಿ, ಸಂಜೆ ಬಾಗಿಲು ಹಾಕಿಕೊಂಡು ಕೂರುತ್ತೇವೆ. ನಿನ್ನೆ ಮಾವ ಹೊರಗಿನಿಂದ ಕೇಳಿದರು, "ಏನ ನಡಿಸೀರಿ ಒಳಗ?"

"ಭಜನಿ" ಎಂದರು ಅತ್ತೆ.

"ದನೀನ ಕೇಳವಲ್ದು?"

"ಮನಸಿನಾಗ ಮಾಡಾಕತ್ತೇವ್ರಿ."

ಮಾವನವರಿಗೆ ಭಕ್ತಿ ಉಕ್ಕಿದೆ. ಶನಿವಾರ ತಾವೂ ಬಂದು ಕೂರುತ್ತಾರಂತೆ, ತಾಳ ಸಮೇತ! ಗುರುವಿಗೆ ಏನೂ ತೋಚುತ್ತಿಲ್ಲ. ಇಂಥ ಸಂಕಟದಿಂದ ಪಾರಾದ ಅನುಭವಸ್ಥರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಶನಿವಾರದ ಒಳಗೆ.