ಕುಡಿಯದ ಭಾವನ ಬಿಯರ್

ಬಿಯರ್ ಕುಡಿಯುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕುಡಿದು ಬಿಟ್ಟವರನ್ನೂ ನೋಡಿರುತ್ತೀರಿ. ಬಿಟ್ಟೆ ಎಂದು ಹೇಳಿಕೊಂಡು ಕುಡಿಯುವವರ ವಿಷಯವಂತೂ ಕೇಳುವುದೇ ಬೇಡ. ಆದರೆ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸದೆ ತಿಂಗಳಿಗೆ ಇಪ್ಪತ್ತು ಲೀಟರ್ ಬಿಯರನ್ನು ಮನೆಯಲ್ಲೇ ತಯಾರಿಸುವ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು, ನಮ್ಮ ಅಕ್ಕನನ್ನು ಅವರಿಗೇ ಕೊಟ್ಟಿದ್ದೇವೆ!

ಭಾವನ ಮನೆ ಸಿಡ್ನಿಯ ರೌಸ್ ಹಿಲ್‌ನಲ್ಲಿ. ಮೈಸೂರಿನಲ್ಲಿ ಓದಿದ್ದು ಕೆಮಿಸ್ಟ್ರಿ ಎಂ.ಎಸ್ಸಿ., ಹೊಟ್ಟೆಪಾಡಿಗೆ ಹಿಡಿದದ್ದು ಕಂಪ್ಯೂಟರ್. ಅಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಮನೆ ಸಿಕ್ಕಿತು, ಮನೆಯ ಜೊತೆಗೆ ಮಾರ್ಟ್‌ಗೇಜ್ ಸಾಲವೂ ಸಿಕ್ಕಿತು. ಲ್ಯಾಬ್ ಮಾತ್ರ ಮತ್ತೆ ಸಿಗಲಿಲ್ಲ. ಹೀಗಿರುವಾಗ ಒಂದು ವರ್ಷ ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ ಚೀಟಿ ಎತ್ತಿ ಉಡುಗೊರೆ ಹಂಚಿದರು. ಭಾವನ ಪಾಲಿಗೆ ಬಂದದ್ದು ಮನೆಯಲ್ಲೇ ಬಿಯರ್ ಮಾಡುವ ಕಿಟ್. ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್, ಬೆಲ್ಲದ ಪಾಕದಂಥ ಮಾಲ್ಟ್ ತುಂಬಿದ ಡಬ್ಬಿ, ಒಂದು ಪೊಟ್ಟಣ ಯೀಸ್ಟ್, ಮತ್ತೆ ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಬೇರೆಯವರಾಗಿದ್ದರೆ ಮರುದಿನವೇ ಯಾರಿಗಾದರೂ ದಾಟಿಸುತ್ತಿದ್ದರು. ಭಾವ ಆ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಅಷ್ಟೇ. ಅಕ್ಕನ ಸಂಸಾರಕ್ಕೆ ಗ್ರಹಚಾರ ಅಲ್ಲಿಂದ ಶುರುವಾಯಿತು.

"ಕುಡಿಯೋ ಹಾಗಿಲ್ಲ ಅಂದ್ಮೇಲೆ ಮಾಡೋದ್ಯಾಕ್ರೀ?" ಎಂದು ಅಕ್ಕ ಕೇಳಿದಳು.

"ಕುಡಿಯಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ. ಮಾಡಲ್ಲ ಅಂತ ಕೊಟ್ಟಿಲ್ಲ," ಎಂದರು ಭಾವ. ಈ ಉತ್ತರದಲ್ಲಿ ತಪ್ಪು ಎಲ್ಲಿದೆ ಎಂದು ಅಕ್ಕ ಇವತ್ತಿಗೂ ಹುಡುಕುತ್ತಿದ್ದಾಳೆ.

ಗ್ಯಾರೇಜಿನಿಂದ ಕಾರು ಹೊರಗೆ ಬಿತ್ತು, ಡ್ರಮ್ಮು ಒಳಗೆ ಬಂತು. ಮೈಸೂರಿನಿಂದ ನಮ್ಮಮ್ಮ ಯಾವಾಗ ಫೋನ್ ಮಾಡಿ ಅಳಿಯಂದಿರನ್ನು ಕೇಳಿದರೂ ಅಕ್ಕನದು ಒಂದೇ ಉತ್ತರ, "ಗ್ಯಾರೇಜಲ್ಲಿದಾರೆ." ಆರು ತಿಂಗಳಾದ ಮೇಲೆ ಅಮ್ಮ ನನಗೆ ಗುಟ್ಟಾಗಿ ಫೋನ್ ಮಾಡಿದರು. "ಕಂಪ್ಯೂಟರ್ ಕೆಲಸ ಹೋಯ್ತೇನೋ? ಮೆಕ್ಯಾನಿಕ್ ಆದ್ರೂ ಪರವಾಗಿಲ್ಲ, ನಮ್ಮ ಹತ್ರ ಮುಚ್ಚಿಡೋದ್ಯಾಕೆ?" ಎಂದು ಕಣ್ಣೀರು ಹಾಕಿದರು. ನಿಜ ಹೇಳುವುದಕ್ಕಿಂತ ಮೆಕ್ಯಾನಿಕ್ ಎಂದು ಒಪ್ಪಿಕೊಳ್ಳುವುದೇ ವಾಸಿ ಎನಿಸಿ ನಾನು ಹೂಂ ಎಂದೆ.

ಚಳಿಗಾಲ ಬಂದಾಗ ನಿಜವಾದ ಯುದ್ಧ ಆರಂಭವಾಯಿತು. ಬಿಯರಿಗೂ ಇಡ್ಲಿ ಹಿಟ್ಟಿಗೂ ಹುದುಗು ಬರಲು ಬೆಚ್ಚಗಿನ ಜಾಗ ಬೇಕು. ಆ ಮನೆಯಲ್ಲಿ ಬೆಚ್ಚಗಿದ್ದದ್ದು ಬಿಸಿನೀರಿನ ಟ್ಯಾಂಕಿನ ಪಕ್ಕದ ಒಂದೇ ಒಂದು ಕಪಾಟು. ಅಕ್ಕ ಹಿಟ್ಟಿನ ಪಾತ್ರೆ ಇಟ್ಟು ಹೋದರೆ ಭಾವ ಅದನ್ನು ಆಚೆ ತೆಗೆದು ಡ್ರಮ್ಮು ಇಡುವುದು, ಭಾವ ಆಫೀಸಿಗೆ ಹೋದರೆ ಅಕ್ಕ ಡ್ರಮ್ಮನ್ನು ಆಚೆ ತಳ್ಳುವುದು. ಕೊನೆಗೆ ಒಪ್ಪಂದವಾಗಿ ಎರಡನ್ನೂ ಒಟ್ಟಿಗೆ ಒಂದೇ ಕಂಬಳಿಯಲ್ಲಿ ಸುತ್ತಿಟ್ಟರು. ಆ ವಾರದ ಇಡ್ಲಿಯಷ್ಟು ಮೆತ್ತಗಿನ ಇಡ್ಲಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ. ಅವರ ಮಗಳು ಮಾತ್ರ ಕಪಾಟಿನ ಬಾಗಿಲು ತೆರೆದು, ಮೂಗು ಮುಚ್ಚಿಕೊಂಡು, "ಡ್ಯಾಡಿ, ಇಟ್ ಸ್ಮೆಲ್ಸ್ ಲೈಕ್ ಸಾಕ್ಸ್," ಎಂದು ಹೇಳಿ ಹೋದಳು.

ಇನ್ನು ರುಚಿಯ ವಿಷಯ. ಸಿಡ್ನಿಯದೇ ಇನ್ನೊಂದು ಬಡಾವಣೆ ಎಪ್ಪಿಂಗ್‌ನಲ್ಲಿ ಒಂದು ರೂಮಿನ ಫ್ಲ್ಯಾಟಿನಲ್ಲಿದ್ದ ನಾನು ಪ್ರತಿ ಶನಿವಾರ ಅಕ್ಕನ ಮನೆಯ ಊಟಕ್ಕೆ ಹಾಜರಾಗುತ್ತಿದ್ದೆ. ಹಾಗಾಗಿ ಬಿಯರಿನ ಮುಖ್ಯ ಪರೀಕ್ಷಕನ ಹುದ್ದೆ ನನ್ನ ಕೊರಳಿಗೇ ಬಿತ್ತು. ಮೊದಲ ಗುಟುಕು ಇನ್ನೂ ನೆನಪಿದೆ. ನೆನೆದ ರಟ್ಟು, ಕೆಮ್ಮಿನ ಔಷಧಿ, ಜೊತೆಗೆ ಏನೋ ಒಂದು ಕಮಟು. ಭಾವ ಎದುರಿಗೆ ಪೆನ್ನು ಹಿಡಿದು ಕೂತಿದ್ದರು. ಒಳಗಿನಿಂದ ಬಿಸಿಬೇಳೆ ಬಾತಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ನಾನು ಏನು ಹೇಳಬೇಕಿತ್ತು, ನೀವೇ ಹೇಳಿ!

"ಸೂಪರ್ ಭಾವ," ಎಂದೆ.

ಮನೆಗೆ ಬಂದ ಸ್ನೇಹಿತರೆಲ್ಲರೂ ಅದನ್ನೇ ಹೇಳಿದರು. ನಮ್ಮ ಜನ ಇನ್ನೊಬ್ಬರ ಮನೆಯಲ್ಲಿ ಕೊಟ್ಟದ್ದನ್ನು ಚೆನ್ನಾಗಿಲ್ಲ ಎನ್ನುತ್ತಾರೆಯೇ? ಉಪ್ಪಿಲ್ಲದ ಸಾರಿಗೂ "ಹದವಾಗಿದೆ" ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುವ ವಂಶ ನಮ್ಮದು. "ಅಂಗಡೀಲಿ ಎಲ್ಲಿ ಸಿಗುತ್ತೆ ಸಾರ್ ಇಂಥದ್ದು," ಎನ್ನುತ್ತ ಒಬ್ಬೊಬ್ಬರೇ ಹಿತ್ತಿಲಿಗೆ ಹೋಗಿ, ಕರಿಬೇವಿನ ಕುಂಡಕ್ಕೆ ಲೋಟ ಬಗ್ಗಿಸಿ ಬರುತ್ತಿದ್ದರು. ಅಕ್ಕ ಎಷ್ಟು ಹುಳಿಮಜ್ಜಿಗೆ ಹೊಯ್ದರೂ ಒಂದು ಎಲೆ ಬಿಡದಿದ್ದ ಗಿಡ ಆ ವರ್ಷ ಎದೆಯೆತ್ತರ ಬೆಳೆದು, ರೌಸ್ ಹಿಲ್‌ನಿಂದ ಮಾರ್ಸ್ಡನ್ ಪಾರ್ಕ್ ಬಡಾವಣೆಯವರೆಗೆ ಎಲ್ಲರ ಒಗ್ಗರಣೆಗೂ ಒದಗಿತು.

ಪಾಪ, ಭಾವನಿಗೆ ಬೇಕಿದ್ದದ್ದು ಹೊಗಳಿಕೆ ಅಲ್ಲ. ತಾನು ರುಚಿ ನೋಡುವಂತಿಲ್ಲ. ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಇನ್ನೊಬ್ಬರ ನಾಲಿಗೆಯಿಂದ ಒಂದೇ ಒಂದು ನಿಜವಾದ ಮಾತು ಬೇಕಿತ್ತು. "ತಪ್ಪು ಏನಿದೆ ಹೇಳ್ರೋ," ಎಂದು ಅಂಗಲಾಚುತ್ತಿದ್ದರು. ನಾವೆಲ್ಲ ಸೇರಿ ಎರಡು ವರ್ಷ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟೆವು.

ಆಮೇಲೆ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಭಾನುವಾರ ಪುರೋಹಿತರು ಬರುವಷ್ಟರಲ್ಲಿ ಡ್ರಮ್ಮು ಮನೆಯೊಳಗೆ ಕಾಣಬಾರದು ಎಂದು ಅಕ್ಕನ ಅಪ್ಪಣೆ. ಹುದುಗುವುದು ಮುಗಿಯಲು ಇನ್ನೂ ಮೂರು ದಿನವಿತ್ತು. ಭಾವ ವಿಧಿಯಿಲ್ಲದೆ ಶುಕ್ರವಾರವೇ ಎಲ್ಲವನ್ನೂ ಬಾಟಲಿಗೆ ತುಂಬಿಸಿ, ಬಿರಡೆ ಒತ್ತಿ ಗ್ಯಾರೇಜಿನಲ್ಲಿ ಸಾಲಾಗಿ ಇಟ್ಟರು. ಆ ದೇಶದಲ್ಲಿ ಜನವರಿ ಎಂದರೆ ಸುಡುಬಿಸಿಲು, ಬಾಟಲಿಯೊಳಗೆ ಹುದುಗು ಉಬ್ಬುತ್ತಲೇ ಇತ್ತು. ಕಥೆಯಲ್ಲಿ ಸಾಧು ವರ್ತಕನ ಹಡಗು ದಡಕ್ಕೆ ಬರುವ ಹೊತ್ತಿಗೆ ಮೊದಲನೆಯ ಬಾಟಲಿ ಢಂ ಎಂದಿತು. ಪುರೋಹಿತರು ಪುಸ್ತಕದಿಂದ ತಲೆಯೆತ್ತಿದರು. "ಪಕ್ಕದ್ಮನೇಲಿ ಏನೋ ರಿಪೇರಿ," ಎಂದರು ಭಾವ. ಇನ್ನೆರಡು ಸಿಡಿದವು. ಅಷ್ಟರಲ್ಲಿ ಪಕ್ಕದ ಮನೆಯವರೇ ಬಾಗಿಲಿಗೆ ಬಂದು ನಿಂತು, ಮಡಿಯುಟ್ಟ ಐವತ್ತು ಜನರ ಎದುರು ಗಟ್ಟಿಯಾಗಿ, "ಮೇಟ್, ಯುವರ್ ಬಿಯರ್ ಈಸ್ ಎಕ್ಸ್‌ಪ್ಲೋಡಿಂಗ್," ಎಂದರು.

ಅವರ ಹೆಸರು ಕೆವಿನ್. ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ಇಲ್ಲ, ನಲವತ್ತು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡಿಕೊಂಡು ಬಂದವರು. ಪೂಜೆಯ ಪ್ರಸಾದ ಸಪಾದ ತಿಂದು, ಸಿಡಿಯದೆ ಉಳಿದಿದ್ದ ಒಂದು ಬಾಟಲಿ ಕೇಳಿ ತೆಗೆದುಕೊಂಡು, ಒಂದು ಗುಟುಕು ಕುಡಿದು ಹುಲ್ಲಿನ ಮೇಲೆ ಉಗಿದರು. ಇಷ್ಟು ಕೆಟ್ಟ ಬಿಯರನ್ನು ನಾನು ಬದುಕಿನಲ್ಲೇ ಕುಡಿದಿಲ್ಲ, ಬಾಟಲಿ ಸರಿಯಾಗಿ ತೊಳೆದಿಲ್ಲ, ನಿನಗೆ ತಾಳ್ಮೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಬೈದರು. ಭಾವನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಬೆಳಗಿರಲಿಲ್ಲ. ಒಂದು ಸಲ ನನ್ನ ಕಡೆ ತಿರುಗಿ ನೋಡಿದರು. ನಾನು ಪಂಚಾಮೃತದ ಲೋಟದೊಳಗೆ ನೋಡುತ್ತಿದ್ದೆ.

ಅಂದಿನಿಂದ ಕೆವಿನ್ ಗುರು, ಭಾವ ಶಿಷ್ಯ. ಪ್ರತಿ ಶನಿವಾರ ಬೇಲಿಯ ಆ ಕಡೆ ಒಂದು ಲೋಟ ದಾಟುತ್ತಿತ್ತು, ಈ ಕಡೆ ಬೈಗುಳ ದಾಟುತ್ತಿತ್ತು. ಅಕ್ಕ ಅವರಿಗೆ ಊಟ ಕಳಿಸಿದರೆ ಅದನ್ನೂ ಬಿಡುತ್ತಿರಲಿಲ್ಲ, ಸಾಂಬಾರಿಗೆ ಹುಳಿ ಹೆಚ್ಚಾಗಿದೆ ಎಂದು ಹೇಳಿ ಕಳಿಸುತ್ತಿದ್ದರು. ಅಕ್ಕ ಸಿಡಿಮಿಡಿಗೊಂಡು ಮುಂದಿನ ವಾರ ಹುಳಿ ಕಡಿಮೆ ಹಾಕುತ್ತಿದ್ದಳು. ಎರಡು ವರ್ಷದಲ್ಲಿ ಕರಿಬೇವಿನ ಗಿಡ ಸೊರಗಿತು ಎಂದರೆ ಬಿಯರ್ ಎಷ್ಟು ಸುಧಾರಿಸಿತು ಎಂದು ನೀವೇ ಲೆಕ್ಕ ಹಾಕಿ.

ಆಮೇಲೆ ಕೆವಿನ್‌ಗೆ ಕಾಯಿಲೆ ಬಂತು. ಮಗಳು ಬಂದು ಮೆಲ್ಬರ್ನಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಭಾವ ಎರಡು ತಿಂಗಳು ಒದ್ದಾಡಿ, ಬೇರೆಯೇ ಒಂದು ಬಿಯರ್ ಮಾಡಿ, ಹನ್ನೆರಡು ಬಾಟಲಿಗಳನ್ನು ಅಕ್ಕನ ಹಳೇ ಸೀರೆಗಳಲ್ಲಿ ಸುತ್ತಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟರು. ಸಿಡ್ನಿಯಿಂದ ಮೆಲ್ಬರ್ನಿಗೆ ಹತ್ತು ಗಂಟೆಯ ದಾರಿ. ದಾರಿಯುದ್ದಕ್ಕೂ ಅವರದು ಒಂದೇ ಮಾತು, "ಈ ಸಲ ಏನಂತಾನೋ?"

ಬಾಗಿಲಲ್ಲೇ ಮಗಳು ಮೆಲ್ಲಗೆ ಹೇಳಿದಳು. ಔಷಧಿಗಳಿಂದಾಗಿ ಅಪ್ಪನಿಗೆ ಯಾವ ರುಚಿಯೂ ತಿಳಿಯುತ್ತಿಲ್ಲ, ಉಪ್ಪು ಸಕ್ಕರೆ ಎಲ್ಲ ಒಂದೇ. ಭಾವ ತಲೆಯಾಡಿಸಿ ಒಳಗೆ ಹೋದರು. ಕೆವಿನ್ ಅರ್ಧಕ್ಕರ್ಧ ಇಳಿದುಹೋಗಿದ್ದರು. ಭಾವ ಬಗ್ಗಿಸಿಕೊಟ್ಟ ಲೋಟ ಹಿಡಿದು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಬ್ಯೂಟಿಫುಲ್, ಮೇಟ್," ಎಂದರು. "ಬ್ಯೂಟಿಫುಲ್."

ವಾಪಸು ಬರುವಾಗ ಭಾವ ನಾಲ್ಕು ಗಂಟೆ ಒಂದೇ ಸಮನೆ ಕಾರು ಓಡಿಸಿದರು. ಆಲ್ಬರಿ ಎಂಬ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಬೆಂಚುಗಳಿದ್ದ ಒಂದು ಜಾಗದಲ್ಲಿ ಭಾವ ಕಾರು ನಿಲ್ಲಿಸಿದರು.

"ಸುಳ್ಳು ಹೇಳಿದ ಕಣೋ."

"ನಿಮ್ಗೆ ಬೇಜಾರಾಗ್ಬಾರ್ದು ಅಂತ ಭಾವ."

"ಗೊತ್ತು. ನಮ್ಮನೆ ಊಟ ಮಾಡಿ ಮಾಡಿ ಅವನೂ ನಮ್ಮೋನೇ ಆಗ್ಬಿಟ್ಟ," ಎಂದು ನಗಲು ಹೋಗಿ, ಆಗದೆ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಡಿಕ್ಕಿಯಿಂದ ಉಳಿದಿದ್ದ ಒಂದು ಬಾಟಲಿ ತಂದು, ತೆಗೆದು, ನೀರು ಕುಡಿಯುವ ಸ್ಟೀಲ್ ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

"ಕುಡಿ. ನಿನ್ನ ದಮ್ಮಯ್ಯ, ನಿಜ ಹೇಳು."

ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಚೆನ್ನಾಗಿದೆ ಎಂದುಬಿಟ್ಟರೆ ಅದೇ ಪ್ರೀತಿ ಎಂದು ತಿಳಿದುಕೊಂಡಿದ್ದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಗಟಗಟನೆ ನುಂಗದೆ, ಬಾಯಲ್ಲಿ ಇಟ್ಟುಕೊಂಡು ರುಚಿ ನೋಡಿದೆ.

"ಕಹಿ ಜಾಸ್ತಿ ಆಗಿದೆ ಭಾವ. ಮೊದ್ಲು ಚೆನ್ನಾಗೇ ಇದೆ. ಕೊನೇಲಿ ಗಂಟ್ಲಲ್ಲಿ ಹಿಡ್ಕೊಳತ್ತೆ."

ಭಾವ ನನ್ನ ಹೆಗಲ ಮೇಲೆ ಕೈ ಇಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

"ಎಷ್ಟು ಜಾಸ್ತಿ?" ಎಂದು ಕೇಳಿದರು.