ನೈಜ ನಕಲು

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಪದ. ನೈಟ್ ಶಿಫ್ಟ್ ಮುಗಿಸಿ ಹೊರಬಂದ ಸಿದ್ರಾಮ, ಪೀಣ್ಯದ ಬೇರಿಂಗ್ ಕಾರ್ಖಾನೆಯ ಗೇಟಿಗೆ ಅಂಟಿಸಿದ್ದ ನೋಟೀಸು ಓದಿದ: ‘ಇಂದು ಮಧ್ಯಾಹ್ನ ಆಪರೇಟರ್ ಪರೀಕ್ಷೆ. ಪುಸ್ತಕ ನೋಡಿ ಬರೆಯಬಹುದು. ನಕಲು ಕಂಡುಬಂದರೆ ಹೊರಗೆ ಹಾಕಲಾಗುವುದು.’

ಪಕ್ಕದವನ ಉತ್ತರ ಕದಿಯಬೇಡಿ ಎಂದು ಬರೆದವರ ಅರ್ಥ. ಸಿದ್ರಾಮ ತಿಳಿದುಕೊಂಡದ್ದೇ ಬೇರೆ, ಯಾಕೆಂದರೆ ಅವನ ಪುಸ್ತಕವೇ ನಕಲು. ಬೇರಿಂಗ್ ಅಳತೆಗಳ ಆ ಅಸಲಿ ಪುಸ್ತಕ ಅಚ್ಚಾಗುವುದು ಯಾವುದೋ ಪರದೇಶದಲ್ಲಿ. ಬೆಲೆ ಅವನ ಕೋಣೆಯ ಬಾಡಿಗೆಯನ್ನೂ ಮೀರಿಸುತ್ತದೆ. ಕಾರ್ಖಾನೆಯ ಲೈಬ್ರರಿಯಲ್ಲಿದ್ದ ಒಂದೇ ಪ್ರತಿಗೆ ಸದಾ ಬೀಗ. ಗೆಳೆಯರು ಅದನ್ನು ಹೇಗೋ ಹೊರತಂದು, ಚಿಕ್ಕಬಾಣಾವರದ ಶಿವರಾಜನ ಅಂಗಡಿಯಲ್ಲಿ ಎಲ್ಲರಿಗೂ ಜೆರಾಕ್ಸ್ ಮಾಡಿಸಿದ್ದರು. ‘ಈ ಪುಸ್ತಕದ ಪ್ರತಿ ಮಾಡುವುದು ಅಪರಾಧ’ ಎಂದು ಇಂಗ್ಲಿಷಿನಲ್ಲಿದ್ದ ಮೊದಲ ಪುಟವೂ ಚೆನ್ನಾಗಿಯೇ ಜೆರಾಕ್ಸ್ ಆಗಿತ್ತು.

ಪಾಸಾದರೆ ಕಾಯಂ ಕೆಲಸ, ಇಲ್ಲದಿದ್ದರೆ ಈ ತಿಂಗಳಿಗೇ ಗುತ್ತಿಗೆ ಮುಗಿಯಿತು. ಹೆಂಡತಿ ಮಹಾದೇವಿ ತುಂಬು ಬಸುರಿ. ಇನ್ನೂ ಕಟ್ಟಡದ ಕೆಲಸಕ್ಕೆ ಹೋಗಿ ಇಟ್ಟಿಗೆ ಹೊರುತ್ತಿದ್ದಳು. ನಾಳೆಯಿಂದ ಮನೆಯಲ್ಲೇ ಇರು ಎಂದು ಅವಳಿಗೆ ಹೇಳುವಂತಾಗಲಿ ಎಂಬುದಷ್ಟೇ ಅವನ ಆಸೆ.

ವಠಾರದ ಮಾಲೀಕ ಲಕ್ಷ್ಮಯ್ಯ ಕೇಳದೆಯೇ ಬಾಡಿಗೆ ಏರಿಸುವವನು, ಕೇಳದೆಯೇ ಸಲಹೆ ಕೊಡುವವನು. ಸಿದ್ರಾಮನ ಸಪ್ಪೆ ಮುಖ ನೋಡಿ ವಿಷಯ ಬಾಯಿ ಬಿಡಿಸಿದ.

“ಇಷ್ಟೇನಾ? ನನ್ ಜಮೀನ್ ಪಾಣಿ, ರೇಷನ್ ಕಾರ್ಡು ಎಲ್ಲಾ ಜೆರಾಕ್ಸೇ ಕಣೋ. ಸೀಲು ಬಿತ್ತು ಅಂದ್ರೆ ಅದೇ ಒರಿಜಿನಲ್ಲು. ಅಂಗೇ ಇದ್ಕೂ ಒಂದ್ ಸೀಲು ಒಡ್ಸು.”

ಲಕ್ಷ್ಮಯ್ಯನ ಷಡ್ಡಕ ಹೈಸ್ಕೂಲು ಹೆಡ್ಮೇಷ್ಟರಾಗಿದ್ದವರು. ಅವರು ನಿವೃತ್ತರಾಗಿದ್ದರೂ ಅವರ ಸೀಲು ಇನ್ನೂ ಸೇವೆಯಲ್ಲಿತ್ತು. ತಮ್ಮ ಸಹಿ ಕೇಳಿಕೊಂಡು ಒಬ್ಬ ಬಂದನಲ್ಲ ಎಂದು ಅವರಿಗೆ ಕಣ್ಣು ತುಂಬಿತು. ಮೊದಲ ಪುಟಕ್ಕೆ ಹಾಕಿದರೆ ಸಾಕು ಎಂದು ಸಿದ್ರಾಮ ಅಂದರೆ, ಅರೆಬರೆ ಕೆಲಸ ತಮ್ಮ ಜಾಯಮಾನವಲ್ಲ ಎಂದರು. ನಡುವೆ ಇಂಕ್ ಪ್ಯಾಡು ಒಣಗಿತು, ನೀರು ಚಿಮುಕಿಸಿದರು. ವಠಾರದ ಹೆಂಗಸರೆಲ್ಲ ಸೇರಿ, ಸಂಡಿಗೆ ಹರವುವ ಹಾಗೆ ಹಾಳೆಗಳನ್ನು ಬಿಸಿಲಿಗೆ ಹರವಿದರು. ಕೊನೆಗೆ ಪುಟಪುಟದಲ್ಲೂ ನೇರಳೆ ಬಣ್ಣದ ಸೀಲು ಬಿತ್ತು: ‘ನೈಜ ನಕಲು’. ಸಿದ್ರಾಮ ನಿದ್ದೆ, ಊಟ ಬಿಟ್ಟು ಕಾರ್ಖಾನೆಗೆ ಓಡಿದ.

ಪರೀಕ್ಷೆಯ ಕೋಣೆಯಲ್ಲಿ ಎಲ್ಲರ ಮುಂದೆಯೂ ಇದ್ದದ್ದು ಅದೇ ಶಿವರಾಜನ ಜೆರಾಕ್ಸು. ತರಬೇತಿ ಅಧಿಕಾರಿ ಶಶಿಕುಮಾರ್ ಕೈಯಲ್ಲೂ ಅದೇ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಸಿದ್ರಾಮನೇ ತಾನಾಗಿ ಹೋಗಿ ಸೀಲು ತೋರಿಸಿದ.

“ಏನಯ್ಯಾ ಇದು?” ಶಶಿಕುಮಾರ್ ಮುಖ ಬಿಳಿಚಿತು.

“ನಕಲು ಅಂತ ಯಾರೂ ಅನಬಾರದಂತ ಸೀಲ್ ಹೊಡಿಸೀನ್ರೀ ಸರ್.”

“ನಕಲು ಅಂತ ನೀನೇ ಪ್ರತಿ ಪುಟದಲ್ಲೂ ಬರೆಸ್ಕೊಂಡು ಬಂದಿದೀಯಲ್ಲೋ. ಉಳಿದವರದ್ದನ್ನ ಪುಸ್ತಕ ಅಂತ ಹೇಳಿ ಜಾರ್ಕೋಬಹುದು. ನಾಳೆ ಪುಸ್ತಕದ ಕಂಪನಿಯವ್ರು ಬಂದ್ರೆ ಇದಕ್ಕೇನು ಹೇಳ್ಲಿ?”

ಪುಸ್ತಕ ಮೇಜಿನ ಡ್ರಾಯರಿಗೆ ಹೋಯಿತು. ಸಿದ್ರಾಮ ಕೈಮುಗಿದ, ಮಹಾದೇವಿಯ ವಿಷಯವನ್ನೂ ಹೇಳಿದ. ನೋಟೀಸು ಓದಿಲ್ಲವೇ ಎಂದು ಶಶಿಕುಮಾರ್ ಗದರಿದರು. ಪ್ರಶ್ನೆಗಳೆಲ್ಲ ಅಳತೆಯ ಕೋಷ್ಟಕಗಳನ್ನು ನೋಡಿಯೇ ಬರೆಯಬೇಕಾದವು. ಅವನ್ನು ಬಾಯಿಪಾಠ ಮಾಡಿದವರು ಯಾರೂ ಇಲ್ಲ. ಸಂಜೆಗೆ ಫಲಿತಾಂಶ ಬಂತು. ಫೇಲಾದವನು ಅವನೊಬ್ಬನೇ.

ಮನೆಗೆ ಬಂದಾಗ ಮಹಾದೇವಿ ನಲ್ಲಿಯ ಹತ್ತಿರ ಕೂತು ಕೈಗಂಟಿದ ಸಿಮೆಂಟು ತಿಕ್ಕುತ್ತಿದ್ದಳು. ಗಂಡನ ಮುಖ ನೋಡಿದಳು. ನಾಳೆ ಬೇಗ ಏಳಬೇಕು ಎಂದಷ್ಟೇ ಹೇಳಿ ಒಳಗೆ ಹೋದಳು. ಸಿದ್ರಾಮನಿಗೆ ಅಳು ಬಂತು. ಅಷ್ಟರಲ್ಲಿ ಶಿವರಾಜನ ಫೋನು.

“ಗುರು, ನಿನ್ ಪುಸ್ತಕ ಈಗ ನನ್ ಅಂಗಡೀಲೈತೆ. ಶಶಿಕುಮಾರ್ ಸಾಹೇಬ್ರು ಕಳ್ಸವ್ರೆ. ಅವರ ಮ್ಯಾನೇಜರ್ ನೋಡಿ, ಸರ್ಕಾರಿ ಸೀಲು ಇರೋದು ಇದೊಂದಕ್ಕೇ, ಇನ್ಮೇಲೆ ಎಲ್ರೂ ಇದರ ಕಾಪೀನೇ ತರ್ಬೇಕು ಅಂದ್ರಂತೆ. ಈಗ್ಲೇ ಮಷೀನಿಗೆ ಹಾಕಿದೀನಿ. ನಿಂಗೂ ಒಂದು ತೆಗೆದಿಡ್ಲಾ?”