ಬ್ಯಾರನ್ನಿನೊಳಗೆ ದಾಂಪತ್ಯ ಸಲಹೆ

ನನ್ನ ಸಂಸಾರದ ರಿಪೇರಿಯನ್ನು ಊರಿನ ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ ಮುಗಿಸುತ್ತೇನೆಂದು ಪಣ ತೊಟ್ಟೆ! ಪಣ ತೊಡಿಸಿದವಳು ನನ್ನ ಶ್ರೀಮತಿ ನೀಲಾಂಬಿಕೆ.

"ನಾ ಯೋಳಿದ್ದು ನಿಮ್ ಕಿವಿಗೇ ಬೀಳಾಕಿಲ್ಲ. ಮೈಸೂರಲ್ಲಿ ಗಂಡ ಹೆಂಡ್ತಿನ ಕೂರುಸ್ಕಂಡು ಮಾತಾಡ್ಸೋ ಮೇಡಂ ಒಬ್ರು ಅವ್ರಂತೆ. ಓಗನ ಬನ್ನಿ. ಇಲ್ದಿದ್ರೆ ನಾನು ಸರಗೂರಿಗೆ, ನಮ್ಮವ್ವನ ಮನೆಗೆ ಒಂಟೋಯ್ತೀನಿ" ಎಂದಳು. ಚೀಲಕ್ಕೆ ಸೀರೆಯನ್ನೂ ತುಂಬಿಯಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆದರೆ ಮೈಸೂರು ಬಸ್ಸೆಂದರೆ ಸಾಮಾನ್ಯವೇ? ಹುಣಸೂರಿನಲ್ಲಿ ನೆಂಟರು ಹತ್ತುತ್ತಾರೆ. "ಏನಪ್ಪಾ ಕಾಂತರಾಜು, ಜೋಡೀಲಿ ಎಲ್ಗೆ?" ಎನ್ನುತ್ತಾರೆ. ಬಿಳಿಕೆರೆ ಬರುವಷ್ಟರಲ್ಲಿ ಕಂಡಕ್ಟರೂ ಬುದ್ಧಿ ಹೇಳಿರುತ್ತಾನೆ!

"ಫೋನಲ್ಲೂ ಮಾಡ್ತಾರಂತೆ ಕಣೆ. ಯಾರ್ಗೂ ಗೊತ್ತಾಗಲ್ಲ."

"ಪಕ್ಕ ಕೂತು ಮಾತಾಡಿ ಅಂದ್ರೆ ಫೋನ್ ತೋರುಸ್ತೀರಲ್ಲ!" ಎಂದು ಗೊಣಗಿಕೊಂಡೇ ಒಪ್ಪಿದಳು.

ಇನ್ನು ಜಾಗ. ಹಗಲು ಹೊತ್ತಲ್ಲಿ ಗಂಡ ಹೆಂಡತಿ ಒಟ್ಟಿಗೆ ಬಾಗಿಲು ಹಾಕಿಕೊಂಡರೆ ಊರು ಸುಮ್ಮನಿರುತ್ತದೆಯೇ? ಅವಳು ಅಡುಗೆಮನೆಯಲ್ಲಿ, ನಾನು ಹಿತ್ತಿಲಿನ ಬ್ಯಾರನ್ನಿನಲ್ಲಿ ಎಂದು ತೀರ್ಮಾನವಾಯಿತು. ಬ್ಯಾರನ್ನೆಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಮನೆ; ಈ ಸಲದ ಸೊಪ್ಪು ಬೇಯಿಸಿ ಮುಗಿದು ಅದು ಖಾಲಿ ಬಿದ್ದಿತ್ತು. ನಮ್ಮ ಬೀದಿಯ ಹೆಂಗಸರು ಮುಯ್ಯಾಳಾಗಿ ಬಂದು ಜಗುಲಿಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದರು. ಅವರ ಕಿವಿಗೆ ಬೀಳಬಾರದಲ್ಲ! "ಇಲ್ಲಿ ಬಿಸ್ಲು, ಎಲ್ಲಾದ್ರೂ ನೆಳ್ಳಲ್ಲಿ ಕೂತ್ಕಳಿ" ಎಂದು ನಾನೇ ಎಬ್ಬಿಸಿ ಕಳಿಸಿದೆ. ಎಂಥ ಮುಂದಾಲೋಚನೆ!

ಬ್ಯಾರನ್ನಿನ ಮಣ್ಣುಗೋಡೆಯೊಳಗೆ ನೆಟ್‌ವರ್ಕ್ ಸಿಗುತ್ತಿದ್ದುದು ಬುಡದ ಗಾಳಿಕಿಂಡಿಯ ಪಕ್ಕದಲ್ಲಿ ಮಾತ್ರ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಸ್ಪೀಕರ್ ಹಾಕಿದೆ. ಮೇಡಂ ಇಬ್ಬರ ಫೋನನ್ನೂ ಒಂದೇ ಕರೆಗೆ ಸೇರಿಸಿಕೊಂಡರು.

"ಇಬ್ಬರೂ ಬೇರೆ ಬೇರೆ ಊರಲ್ಲಿದ್ದೀರಾ?" ಎಂದರು ಮೇಡಂ.

"ಇಲ್ಲ ಮೇಡಂ, ಒಂದೇ ಮನೆ. ಅವಳು ಅಡುಗೆಮನೇಲಿ, ನಾನು ಹಿತ್ಲಲ್ಲಿ."

ಮೇಡಂ ಕೆಮ್ಮಿದರು. ನೀಲಾಂಬಿಕೆ ಮಾತು ಶುರು ಮಾಡಿದಳು. ಅಷ್ಟರಲ್ಲಿ ನನ್ನ ಕಣ್ಣು ಮೂಲೆಯಲ್ಲಿ ಒಲೆಯ ಬಿಸಿ ಹಾಯುವ ತಗಡಿನ ಕೊಳವೆಯ ಮೇಲೆ ಬಿತ್ತು. ತೂತು! ಬೆರಳು ತೂರಿಸಿ ನೋಡಿದೆ. ತೂತೇ!

"ಕಾಂತರಾಜ್ ಅವರೇ, ನಿಮ್ಮ ಹೆಂಡತಿ ಈಗ ಏನು ಹೇಳಿದರು?"

ಕೆಟ್ಟೆ! "ಅದೂ... ಮೇಡಂ... ಸಾರಿನ ವಿಷಯ..."

"ಸಾರಲ್ಲ ಕಣ್ಲಾ ಮುಂಡೇದೇ!" ಗಾಳಿಕಿಂಡಿಯ ಆಚೆಯಿಂದ ನಮ್ಮ ದೊಡ್ಡವ್ವ ಚೆಲುವಮ್ಮನ ದನಿ ಗುಡುಗಿತು. "ಒಬ್ಳೇ ಆಸ್ಪತ್ರೆಗೋಗಿ ಗಡ್ಡೆ ತೋರುಸ್ಕಂಡು ಬಂದವ್ಳೆ. ಎದ್ರುಕಬ್ಯಾಡ, ಏನಿಲ್ಲ ಅಂದ್ರಂತೆ ಡಾಕ್ಟ್ರು. ಆ ಸಂತೋಸ ಯೋಳೋವಾಗ್ಲಾದ್ರೂ ಗಂಡ ಅನ್ನೋನು ಕೇಳ್ಬ್ಯಾಡ್ವೇನ್ಲಾ?"

"ಯಾರದು?" ಮೇಡಂ ಗಾಬರಿಯಾದರು.

"ನಾನು ಇವನ ದೊಡ್ಡವ್ವ ಕಣ್ ತಾಯಿ. ನಾವೆಲ್ಲ ಇಲ್ಲೇ ನೆಳ್ಳಲ್ಲಿ ಕೂತಿವಿ. ಸಂದಾಗ್ ಕೇಳುಸ್ತಾ ಐತೆ, ನೀವ್ ಮಾತಾಡಿ!"

ಊರಲ್ಲಿ ಆ ಹೊತ್ತಿಗೆ ನೆರಳು ಬೀಳುವುದು ಬ್ಯಾರನ್ನಿನ ಗೋಡೆಯ ಬದಿಯಲ್ಲೇ ಎಂಬುದು ನನಗೆ ಹೊಳೆಯಬಾರದಿತ್ತೇ!

ಬಗ್ಗಿಕೊಂಡು ಹೊರಗೆ ಬಂದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡಿದ್ದರು. ನಾಚಿಕೆಯಿಂದ ಸತ್ತೇ ಹೋದೆ. ಊರಿಗೆ ಗೊತ್ತಾಯಿತೆಂದಲ್ಲ, ಆಸ್ಪತ್ರೆಯ ಸುದ್ದಿ ಬೀದಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯಿತಲ್ಲ ಎಂದು. ನೀಲಾಂಬಿಕೆ ಫೋನು ಹಿಡಿದು ಎದುರಿಗೇ ನಿಂತಿದ್ದಳು, ಕಣ್ಣು ಒದ್ದೆ.

"ತಪ್ಪಾಯ್ತು ಕಣೆ. ಊರಿಗೆಲ್ಲ ಗೊತ್ತಾಗೋಯ್ತಲ್ಲ, ಇನ್ನೇನು? ನಾಳೆ ಬಸ್ಸಲ್ಲೇ ಮೈಸೂರಿಗೆ ಓಗನ" ಎಂದೆ.

"ಯಾಕೆ? ಊರೆಲ್ಲಾ ಕೇಳುಸ್ಕಂಡಾಯ್ತು" ಎಂದಳು. "ಇನ್ನು ಬಾಕಿ ಇರೋರು ನೀವೊಬ್ರೇ. ಅಲ್ಲೇ ಕಲ್ಮೇಲೆ ಕೂತ್ಕಳಿ, ಇನ್ನೊಂದ್ಸಲ ಯೋಳ್ತೀನಿ."